ಕರೆದರೆ ತಿರುಗಲಿಲ್ಲ

ನಮ್ಮ ಅತ್ತೆ ಅಂಗನವಾಡಿ ಟೀಚರ್. ಸರ್ಕಾರಿ ಕಾಗದದಲ್ಲಿ 'ಕಾರ್ಯಕರ್ತೆ', ಮಕ್ಕಳ ಬಾಯಲ್ಲಿ 'ಮಿಸ್ಸು'. ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ಇದೇ ಟಿ. ನರಸೀಪುರಕ್ಕೆ. ಇದನ್ನು ಅತ್ತೆ ಎಷ್ಟು ಹೆಮ್ಮೆಯಿಂದ ಹೇಳ್ತಾರೆ ಅಂದ್ರೆ, ಕೇಳಿದವರು ಯೋಜನೆಯನ್ನು ಅವರೇ ಶುರು ಮಾಡಿದ್ದು ಅಂದುಕೋಬೇಕು. ಆಗ ಅವರಿಗೆ ಎರಡು ವರ್ಷ!

ಅಂಗನವಾಡಿ ಅಂದ್ರೆ ಮಕ್ಕಳಿಗೆ ಹಾಡು ಹೇಳಿಕೊಟ್ಟು ಊಟ ಹಾಕಿ ಮಲಗಿಸೋದು ಅಂತ ನೀವು ಅಂದುಕೊಂಡಿದ್ದರೆ ಒಂದು ದಿನ ಹೋಗಿ ಕೂತು ನೋಡಿ. ಬರೆಯೋ ಕೆಲಸವೇ ಜಾಸ್ತಿ. ಹಾಜರಿ, ದಾಸ್ತಾನು, ಚುಚ್ಚುಮದ್ದು, ಗರ್ಭಿಣಿ ಬಾಣಂತಿಯರ ಪಟ್ಟಿ, ಮನೆ ಭೇಟಿ, ಮಕ್ಕಳ ತೂಕ, ಎತ್ತರ. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂದ ಮೇಲೆ ಫೋನಿನಲ್ಲೂ ತುಂಬಬೇಕು. ಮೊದಲೆಲ್ಲ ತೂಕ ನೋಡಿ, ವಯಸ್ಸಿನ ತಿಂಗಳು ಲೆಕ್ಕ ಹಾಕಿ, ಚಾರ್ಟಿನ ಮೇಲೆ ಕೈಯಲ್ಲೇ ಚುಕ್ಕಿ ಇಡುತ್ತಿದ್ದರು. ಹಸಿರು ಪಟ್ಟಿಯಲ್ಲಿ ಬಿದ್ದರೆ ಸರಿ, ಹಳದಿಗೆ ಇಳಿದರೆ ಹುಷಾರು. ಈಗ ಅಂಕಿ ಹೊಡೆದರೆ ಸಾಕು, ಮಗು ಯಾವ ಬಣ್ಣ ಅಂತ ಆ್ಯಪ್ಪೇ ಹೇಳುತ್ತೆ. ಚುಕ್ಕಿ ಅರ್ಧ ಇಂಚು ಆಚೀಚೆ ಆಗೋ ಭಯ ಇಲ್ಲ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋ ನಾನು ಇದನ್ನು ಕೆಟ್ಟದ್ದು ಅನ್ನಲಾರೆ.

ನಾನು ಹೇಳಹೊರಟಿದ್ದು ಮಾತ್ರ ಯಾರೂ ಕೇಳದೇ ಇರೋ ಒಂದು ಪುಸ್ತಕದ ವಿಷಯ. ಇನ್ನೂರು ಪುಟದ ನೋಟ್‌ಬುಕ್, ಕಂದು ಬಣ್ಣದ ಬೈಂಡು. ಒಂದೊಂದು ಮಗುವಿಗೆ ಐದಾರು ಪುಟ. ಮಕ್ಕಳು ಮಧ್ಯಾಹ್ನ ಉಂಡು ಮಲಗಿದಾಗ ಅತ್ತೆ ಗೋಡೆಗೆ ಒರಗಿ ಕೂತು ಬರೀತಾರೆ. ಕಳೆದ ಸಲ ಊರಿಗೆ ಹೋದಾಗ ಕೇಳಿ ಇಸ್ಕೊಂಡು ಓದಿದೆ.

'ಹುಣಸೆ ಬೀಜ ಏಳರವರೆಗೆ ಸರಿಯಾಗಿ ಎಣಿಸಿದ. ಆಮೇಲೆ ಹತ್ತು ಅಂದ.'

'ಇವತ್ತು ಅಮ್ಮ ಬಿಟ್ಟು ಹೋದಾಗ ಅಳಲಿಲ್ಲ. ಬಾಗಿಲ ಹತ್ತಿರವೇ ಅರ್ಧ ಗಂಟೆ ನಿಂತಿದ್ದಳು.'

'ಮೊಟ್ಟೆಯ ಹಳದಿಯನ್ನು ಮಾತ್ರ ಪಕ್ಕದವಳಿಗೆ ಕೊಟ್ಟ. ಮೂರನೇ ಸಲ.'

ಹೀಗೇ. ಒಂದು ಸಾಲು, ಎರಡು ಸಾಲು, ಮೇಲೆ ತಾರೀಖು. ಒಂದು ವಿಷಯ ನನಗೆ ವಿಚಿತ್ರ ಅನ್ನಿಸಿತು. ಇಡೀ ಪುಸ್ತಕದಲ್ಲಿ 'ಜಾಣ', 'ಹಠಮಾರಿ', 'ಮಂಕು' ಅನ್ನೋ ಥರದ ಒಂದು ಮಾತೂ ಇಲ್ಲ. ಕೇಳಿದ್ದಕ್ಕೆ ಅತ್ತೆ, "ಹಠಮಾರಿ ಅಂತ ಬರೆದುಬಿಟ್ರೆ ಅಲ್ಲಿಗೆ ಮುಗೀತಲ್ಲೋ, ಮಾರನೇ ದಿನ ನೋಡೋಕೆ ಏನಿರುತ್ತೆ? ಕಣ್ಣಿಗೆ ಕಂಡಿದ್ದು ಬರೀಬೇಕು, ತಲೆಗೆ ಬಂದಿದ್ದಲ್ಲ" ಅಂದರು. ನಮ್ಮ ಆಫೀಸಿನಲ್ಲಿ ಬಗ್ ರಿಪೋರ್ಟ್ ಬರೆಯೋದು ಹೇಗೆ ಅಂತ ಹೊಸಬರಿಗೆ ಎರಡು ದಿನ ಟ್ರೈನಿಂಗ್ ಕೊಡ್ತಾರೆ. ಸಾರಾಂಶ ಇಷ್ಟೇ.

ಇನ್ನು ಆ ಹುಡುಗಿಯ ವಿಷಯ. ಹೆಸರು ಬೇಡ, ಪುಟ್ಟಿ ಅಂತ ಇಟ್ಕೊಳ್ಳಿ. ಆಗ ನಾಲ್ಕು ವರ್ಷ. ಆ್ಯಪ್ಪಿನಲ್ಲಿ ಎಲ್ಲಾ ತಿಂಗಳೂ ಹಸಿರು. ತೂಕ ಸರಿ, ಎತ್ತರ ಸರಿ, ಚುಚ್ಚುಮದ್ದು ಒಂದೂ ತಪ್ಪಿಲ್ಲ. ಮನೆಯಲ್ಲಿ ಮಾತ್ರ ದಿನಾ ಬೈಗುಳ. "ಕೂಗಿದ್ರೆ ಬೇಕಂತಲೇ ಕೇಳಿಸಿಕೊಳ್ಳಲ್ಲ, ಮೊಂಡಿ" ಅಂತ ಅಜ್ಜಿ. ಅಮ್ಮನಿಂದ ಏಟೂ ಬೀಳ್ತಿತ್ತಂತೆ. ಮಾತೂ ಸ್ವಲ್ಪ ತೊದಲು. ಅಕ್ಕಪಕ್ಕದವರು ಆಗಲೇ 'ಮಂದಬುದ್ಧಿ' ಅನ್ನೋ ಪದ ಬಳಸೋಕೆ ಶುರು ಮಾಡಿದ್ದರು. ಹಳ್ಳಿಯಲ್ಲಿ ಒಂದು ಸಲ ಈ ಹಣೆಪಟ್ಟಿ ಅಂಟಿದರೆ ಶಾಲೆಗೆ ಹೋಗೋ ಮೊದಲೇ ಆ ಮಗುವಿನ ಶಾಲೆ ಮುಗಿದ ಹಾಗೆ.

ಅತ್ತೆಯ ಪುಸ್ತಕದಲ್ಲಿ ಪುಟ್ಟಿಯ ಪುಟ ಹೀಗಿತ್ತು. ಜುಲೈನಲ್ಲಿ: 'ಹಿಂದಿನಿಂದ ಕರೆದರೆ ತಿರುಗಲಿಲ್ಲ. ನೆಗಡಿ ಇದೆ.' ಹತ್ತು ದಿನ ಬಿಟ್ಟು: 'ಕರೆದರೆ ತಿರುಗಿದಳು.' ಆಗಸ್ಟಿನಲ್ಲಿ: 'ಕಥೆ ಹೇಳುವಾಗ ನನ್ನ ಬಾಯಿಯನ್ನೇ ನೋಡ್ತಾಳೆ. ಪುಸ್ತಕದ ಚಿತ್ರ ನೋಡುವುದಿಲ್ಲ.' ಆಮೇಲೆ: 'ಕರೆದರೆ ತಿರುಗಲಿಲ್ಲ. ನೆಗಡಿ.' ಮತ್ತೊಮ್ಮೆ: 'ಹಾಡಿನ ಕೈ ಅಭಿನಯ ಎಲ್ಲರಿಗಿಂತ ಒಂದು ಕ್ಷಣ ತಡ. ಪಕ್ಕದವಳನ್ನು ನೋಡಿ ಮಾಡ್ತಾಳೆ.' ಚಳಿಗಾಲದವರೆಗೂ ಇದೇ ಥರ, ಹದಿನಾಲ್ಕು ಸಾಲು.

ನಡುವೆ ಮಕ್ಕಳ ಆರೋಗ್ಯ ತಪಾಸಣೆ ತಂಡ ಬಂದಿತ್ತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ, 2013ರಿಂದ ಇದೆ, ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ಬರ್ತಾರೆ. ಆವತ್ತು ಪುಟ್ಟಿಗೆ ನೆಗಡಿ ಇರಲಿಲ್ಲ. ಹೆಸರು ಕರೆದರು, ತಿರುಗಿದಳು. ಅವರ ತಪ್ಪೇನೂ ಇಲ್ಲ. ನನ್ನಂಥವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಯಾವಾಗಲೋ ಒಮ್ಮೆ ಕಾಣಿಸಿಕೊಂಡು ಮಾಯವಾಗೋ ಬಗ್ ಇರುತ್ತಲ್ಲ, ಮ್ಯಾನೇಜರ್ ಬಂದು ನಿಂತಾಗ ಪ್ರೋಗ್ರಾಮ್ ಸಾಧು ಹಸುವಿನ ಹಾಗೆ ಓಡುತ್ತೆ. ಅದನ್ನು ಹಿಡಿಯೋಕೆ ಇರೋದು ಒಂದೇ ದಾರಿ, ತಾರೀಖಿನ ಸಮೇತ ಲಾಗ್.

ಅತ್ತೆ ಆ ಎರಡು ಪುಟ ಜೆರಾಕ್ಸ್ ಮಾಡಿಸಿ, ಪುಟ್ಟಿಯ ಅಮ್ಮನನ್ನು ಹೊರಡಿಸಿಕೊಂಡು ಮೈಸೂರಿಗೆ ಹೋದರು. ಅಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರೋದು ಆ ಕಡೆಯವರ ಪುಣ್ಯ ಅನ್ನಬೇಕು. ಪರೀಕ್ಷೆ ಮಾಡಿದವರು ಜೆರಾಕ್ಸನ್ನು ಎರಡು ಸಲ ಓದಿ, "ನೀವು ತಾಯೀನಾ?" ಅಂತ ಅತ್ತೆಯನ್ನೇ ಕೇಳಿದರಂತೆ. ಎರಡೂ ಕಿವಿಯ ತಮಟೆಯ ಹಿಂದೆ ನೀರು ತುಂಬಿಕೊಂಡಿತ್ತು. ಚಿಕ್ಕ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಸಾಧಾರಣವಾಗಿ ನೋವಿರಲ್ಲ, ಜ್ವರ ಇರಲ್ಲ, ಕಿವಿ ಸೋರಲ್ಲ, ಹಾಗಾಗಿ ಯಾರಿಗೂ ಗೊತ್ತೇ ಆಗಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಕೇಳಿದ ಹಾಗೆ ಕೇಳಿಸುತ್ತೆ. ನೆಗಡಿಯಾದಾಗ ಹೆಚ್ಚಾಗುತ್ತೆ, ಮತ್ತೆ ಇಳಿಯುತ್ತೆ. ಮಾತು ಕಲಿಯೋ ವಯಸ್ಸಿನಲ್ಲಿ ಇದು ವರ್ಷಗಟ್ಟಲೆ ಉಳಿದರೆ ಮಾತೂ ಹಿಂದೆ ಬೀಳಬಹುದು. ಬಹಳಷ್ಟು ಮಕ್ಕಳಿಗೆ ತಾನಾಗೇ ಹೋಗುತ್ತೆ ಅಂತ ಮೂರು ತಿಂಗಳು ಕಾಯಲು ಹೇಳಿದರು. ಎಡಗಿವಿ ಸರಿಹೋಯಿತು, ಬಲಗಿವಿಗೆ ಆಮೇಲೆ ಆಸ್ಪತ್ರೆಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ನಳಿಕೆ ಇಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಪುಟ್ಟಿಯ ಅಮ್ಮ ಏನೂ ಮಾತಾಡಲಿಲ್ಲವಂತೆ. ಮಗುವಿನ ಕೈ ಹಿಡ್ಕೊಂಡೇ ಕೂತಿದ್ದರಂತೆ. ಅತ್ತೆ ಇಷ್ಟೇ ಹೇಳಿದ್ದು, ನಾನೂ ಮುಂದೆ ಕೇಳಲಿಲ್ಲ.

ಇದೆಲ್ಲ ಕೇಳಿದ ಮೇಲೆ ಕುತೂಹಲಕ್ಕೆ ಒಂದಿಷ್ಟು ಓದಿದೆ. ಮಕ್ಕಳನ್ನು ನೋಡಿ ಬರೆದಿಡೋ ಅಭ್ಯಾಸ ಹಳೆಯದು. ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ನಗು, ಕೋಪ, ಭಯ ಎಲ್ಲವನ್ನೂ ಬರೆದಿಟ್ಟು 1877ರಲ್ಲಿ ಪ್ರಕಟಿಸಿದ. ನ್ಯೂಜಿಲೆಂಡಿನಲ್ಲಿ ಮಾರ್ಗರೆಟ್ ಕಾರ್ ಎಂಬಾಕೆ ಇದನ್ನೇ 'ಕಲಿಕೆಯ ಕಥೆ'ಗಳು ಅಂತ ಒಂದು ಪದ್ಧತಿ ಮಾಡಿದ್ದಾರೆ. ಮಗುವಿಗೆ ಏನು ಬರಲ್ಲ ಅಂತ ಟಿಕ್ ಹಾಕೋ ಬದಲು ಏನು ಮಾಡ್ತಾ ಇತ್ತು ಅಂತ ಪುಟ್ಟ ಕಥೆಯಾಗಿ ಬರೆದು ಅಪ್ಪ ಅಮ್ಮನಿಗೂ ಓದೋಕೆ ಕೊಡೋದು. ಚೆನ್ನಾಗಿದೆ. ಆದರೆ ಬರೀ ಆಗೋದನ್ನೇ ಬರೆಯುತ್ತಾ ಹೋಗಿದ್ದರೆ ಪುಟ್ಟಿಯ ಕಿವಿ ಸಿಗ್ತಿತ್ತಾ ಅಂತ ನನಗೊಂದು ಅನುಮಾನ. ಅತ್ತೆ ಎರಡನ್ನೂ ಬರೀತಾರೆ, ಕಥೆ ಗಿಥೆ ಅನ್ನಲ್ಲ. ನಮ್ಮಲ್ಲೂ 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಪರೀಕ್ಷೆ ಬೇಡ, ಗಮನಿಸಿ ದಾಖಲಿಸಿ ಅಂತಲೇ ಹೇಳುತ್ತೆ. ಗಮನಿಸೋಕೆ ಟೀಚರಿಗೆ ಪುರುಸೊತ್ತು ಎಲ್ಲಿಂದ ತರೋದು ಅನ್ನೋದೇ ಪ್ರಶ್ನೆ.

ಎಂಜಿನಿಯರ್ ಬುದ್ಧಿ, ಸುಮ್ಮನಿರುತ್ತಾ? "ಅತ್ತೆ, ಈ ಪುಸ್ತಕಕ್ಕೆ ಒಂದು ಆ್ಯಪ್ ಮಾಡಿಕೊಡ್ಲಾ?" ಅಂದೆ. "ಆ್ಯಪ್ ಮಾಡಿದ್ರೆ ಖಾನೆ ಮಾಡ್ತೀಯ. ಖಾನೆ ಇದ್ರೆ ತುಂಬಲೇಬೇಕು ಅಂತ ಮೇಲಿನೋರು ಹೇಳ್ತಾರೆ. ಆಮೇಲೆ ಮೂವತ್ತನೇ ತಾರೀಖು ಕೂತ್ಕೊಂಡು ಎಲ್ಲಾ ಮಕ್ಕಳಿಗೂ ಒಂದೇ ಸಾಲು ತುಂಬ್ತೀನಿ ನಾನು. ಬಿಡೋ, ಬರುವಾಗ ಎರಡು ಲಾಂಗ್ ಬುಕ್ ತಗೊಂಬಾ" ಅಂದರು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಬುಕ್ ಕಳಿಸಿದೆ.

ಪುಟ್ಟಿ ಈಗ ಒಂದನೇ ಕ್ಲಾಸು. ಅವಳ ಪುಟಗಳ ಜೆರಾಕ್ಸ್ ಶಾಲೆಯ ಮೇಷ್ಟ್ರ ಹತ್ತಿರವೂ ಒಂದಿದೆ, ಅದಕ್ಕೇ ಮುಂದಿನ ಸಾಲಿನಲ್ಲಿ ಕೂರಿಸಿದ್ದಾರೆ. ಶಾಲೆ ಇರೋದು ಅಂಗನವಾಡಿಯ ಪಕ್ಕದಲ್ಲೇ. ಈ ಮಳೆಗಾಲದಲ್ಲಿ ಅವಳಿಗೆ ಮತ್ತೆ ನೆಗಡಿಯಂತೆ. ಅತ್ತೆ ಬೆಳಿಗ್ಗೆ ಬೀಗ ತೆಗೆಯುವಾಗ ಕಾಂಪೌಂಡಿನ ಈಚೆಯಿಂದ ಒಂದು ಸಲ ಹೆಸರು ಹಿಡಿದು ಮೆಲ್ಲಗೆ ಕರೆದು ನೋಡ್ತಾರಂತೆ.