ಗುಜರಿಯಲ್ಲಿ ಸಿಕ್ಕ ಕಾಲುಪೇಟಿ

ಗಂಗಾವತಿ. ಮಧ್ಯಾಹ್ನದ ಬಿಸಿಲು ಗುಜರಿ ಅಂಗಡಿಯ ತಗಡಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿದೆ. ರೈಸ್‌ಮಿಲ್ಲುಗಳಿಂದ ಬಂದ ತುಕ್ಕುಹಿಡಿದ ಪುಲ್ಲಿ, ಹರಿದ ಬೆಲ್ಟು, ಸುಟ್ಟ ಮೋಟಾರು. ಅವುಗಳ ಹಿಂದೆ, ಗೋಡೆಗೆ ಆನಿಸಿಟ್ಟ ಒಂದು ಪೆಟ್ಟಿಗೆ. ಕೆಳಗೆ ಎರಡು ಪೆಡಲ್ ಕಾಣುವುದರಿಂದ ಮೊದಲ ನೋಟಕ್ಕೆ ಹೊಲಿಗೆ ಮಷೀನಿನ ಟೇಬಲ್ಲು ಎಂದೇ ತಿಳಿಯುತ್ತೀರಿ.

‘ಸಾಗವಾನಿ ಐತ್ರಿ ಸರ. ಕಿಡಕಿ ಮಾಡಸಾಕ ಬರತೈತಿ,’ ಎನ್ನುತ್ತಾನೆ ಅಂಗಡಿಯವನು, ತೂಕದ ಕಲ್ಲಿನ ಮೇಲೆ ಕೂತಲ್ಲಿಂದಲೇ.

ಕಿಟಕಿಯ ಮಾತಿಗೆ ಹೂಂ ಅನ್ನಬೇಡಿ, ಉಹೂಂ ಅನ್ನಲೂಬೇಡಿ. ಮುಚ್ಚಳ ಎತ್ತಿ. ಹಳದಿಗಟ್ಟಿದ ಮನೆಗಳ ಸಾಲು ಹಲ್ಲುಬಿಡುತ್ತದೆ. ಎಣಿಸಿದರೆ ನಲವತ್ತೆರಡು, ಅಂದರೆ ಮೂರೂವರೆ ಸಪ್ತಕ. ಇದು ಕಾಲುಪೇಟಿ, ಲೆಗ್ ಹಾರ್ಮೋನಿಯಂ. ಮೈಕು ಇಲ್ಲದ ಕಾಲದಲ್ಲಿ ಕಂಪನಿ ನಾಟಕದ ಪೇಟಿ ಮಾಸ್ತರರು ರಂಗದ ಮುಂದೆ ಕೂತು, ಕಾಲಲ್ಲಿ ಗಾಳಿ ತುಂಬುತ್ತ ಎರಡೂ ಕೈಯಲ್ಲಿ ನುಡಿಸುತ್ತಿದ್ದುದು ಇಂಥದ್ದನ್ನೇ. ಕೈಪೇಟಿಯಲ್ಲಿ ಒಂದು ಕೈ ತಿದಿಗೇ ಮೀಸಲು, ಇಲ್ಲಿ ಹಾಗಲ್ಲ.

ಹೊರಗಿನ ಹೆಸರಿನ ಪಟ್ಟಿ ಕಿತ್ತುಹೋಗಿದೆ, ಎರಡು ಮೊಳೆತೂತು ಮಾತ್ರ ಉಳಿದಿವೆ. ಅದಕ್ಕೆ ಬೇಸರ ಬೇಡ. ಹೊರಗಿನ ಹೆಸರು ಮಾರಿದ ಅಂಗಡಿಯದು, ಪೇಟಿಯ ಕುಲ ಒಳಗಿರುತ್ತದೆ. ಪೆಡಲಿನ ಪಟ್ಟಿಗಳು ಎಂದೋ ಕೊಳೆತು ಹರಿದಿವೆ. ಆದ್ದರಿಂದ ಕೆಳಗಿನ ತಿದಿಯನ್ನು ಕೈಯಿಂದಲೇ ಒತ್ತಿ ನೋಡುತ್ತೀರಿ. ಬುಸ್ ಎಂದು ಮೂಲೆಗಳಿಂದ ಗಾಳಿ ಸೋರುತ್ತದೆ, ಜೊತೆಗೆ ಇಲಿಹಿಕ್ಕೆಯ ವಾಸನೆ. ಇನ್ನೊಮ್ಮೆ ಒತ್ತಿ, ಒಂದು ಕರಿ ಮನೆಯ ಮೇಲೆ ಬೆರಳಿಡುತ್ತೀರಿ. ಗೊಗ್ಗರು ದನಿಯೊಂದು ಏಳುತ್ತದೆ, ಅರೆಕ್ಷಣ ನಿಂತು ಇಳಿಯುತ್ತದೆ. ಅಷ್ಟರಲ್ಲೇ ಗೊತ್ತಾಗಬೇಕಾದ್ದು ಗೊತ್ತಾಗುತ್ತದೆ: ಸ್ವರ ಸತ್ತಿಲ್ಲ, ಗಾಳಿ ಹೋಗಿದೆ. ತಿದಿ ಹೋದ ಪೇಟಿಯನ್ನು ಕೊಳ್ಳಬಹುದು. ಸ್ವರ ಹೋದದ್ದನ್ನು ಕಿಟಕಿಗೇ ಬಿಡಬೇಕು.

ಸ್ಕ್ರೂಡ್ರೈವರ್ ಕೇಳಿ ಮೇಲಿನ ಹಲಗೆ ಬಿಚ್ಚಿ, ಮೊಬೈಲಿನ ಟಾರ್ಚ್ ಹಿಡಿದು ಬಗ್ಗುತ್ತೀರಿ. ಧೂಳಿನಡಿ ಹಿತ್ತಾಳೆಯ ರೀಡುಗಳು, ಎರಡು ಸಾಲು. ಒಂದು ಕೆಳದನಿಯ ಖರ್ಜ, ಒಂದು ನಡುದನಿಯ ನರ. ಮೇಲಿನ ಸಪ್ತಕದ ಮಾದಿ ಸಾಲು ಇದಕ್ಕಿಲ್ಲ. ಒಂದು ಪಟ್ಟಿಯ ಮೇಲೆ ಬೆರಳಾಡಿಸಿದಾಗ ರೋಮನ್ ಅಕ್ಷರಗಳು ಬೆಳಕಿಗೆ ಬರುತ್ತವೆ: ಕಾಸ್ರಿಯೆಲ್, ಪ್ಯಾರಿಸ್.

ಮುಖದಲ್ಲಿ ಏನೂ ತೋರಿಸಬೇಡಿ. ಎದ್ದು ನಿಂತು ಕೈ ಜಾಡಿಸಿಕೊಳ್ಳಿ.

‘ಗೆದ್ದಲ ಹತ್ತೇತಿ ನೋಡ್ರಿ ಕಾಕಾ, ಕಾಲಿಗೆ.’

‘ಹತ್ತಿದ್ರ ಹತ್ತಲಿ ಬಿಡ್ರಿ. ಕಟ್ಟಿಗಿ ರೇಟ್ ಕೊಡ್ರಿ, ತಗೊಂಡ ಹೋಗ್ರಿ.’

ಹಾರ್ಮೋನಿಯಂ ಹುಟ್ಟಿದ್ದೇ ಪ್ಯಾರಿಸ್ಸಿನಲ್ಲಿ, 1842ರಲ್ಲಿ ಅಲೆಕ್ಸಾಂಡರ್ ದೆಬೆಯ್ನ್ ಪಡೆದ ಪೇಟೆಂಟಿನೊಂದಿಗೆ. ಮಡಚಿ ಒಯ್ಯಬಹುದಾದ ಕಾಲುಪೇಟಿಗಳಿಗೆ ಅದೇ ಊರಿನ ಕಾಸ್ರಿಯೆಲ್ ಹೆಸರುವಾಸಿ. ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷ್ ಕಾಲುಪೇಟಿಯ ಕಾಲು ತೆಗೆದು, ನೆಲದ ಮೇಲೆ ಕೂತು ನುಡಿಸುವ ಕೈಪೇಟಿ ಮಾಡಿದರು. ಆದರೂ ಒಳಗಿನ ರೀಡು ಎಷ್ಟೋ ಕಾಲ ಪ್ಯಾರಿಸ್ಸಿನಿಂದ, ಜರ್ಮನಿಯಿಂದಲೇ ಬರುತ್ತಿತ್ತು. ಗುಜರಾತಿನ ಪಾಲಿತಾಣದ ರೀಡು ಆ ಜಾಗ ತುಂಬಿದ್ದು ಆಮೇಲೆ. ಹೀಗಾಗಿ ‘ಪ್ಯಾರಿಸ್ ಸ್ವರ’ ಎಂಬ ಮಾತು ಕೇಳಿದರೆ ನಮ್ಮ ಕಡೆಯ ಪೇಟಿ ಮಾಸ್ತರರು ಇವತ್ತಿಗೂ ಕೂತಲ್ಲೇ ನೆಟ್ಟಗಾಗುತ್ತಾರೆ. ಮಾರುವವರಿಗೂ ಇದು ಗೊತ್ತು. ಪ್ಯಾರಿಸ್ ಎಂದು ಹೇಳಿ ಮಾರಿದ ಪೇಟಿಗಳೆಲ್ಲ ನಿಜವಾಗಿ ಪ್ಯಾರಿಸ್ಸಿನವಾಗಿದ್ದರೆ ಆ ಊರಲ್ಲಿ ಬೇರೆ ಕಸುಬೇ ನಡೆದಿರಲಾರದು. ಅದಕ್ಕೇ ಅಚ್ಚು ನೋಡಬೇಕು. ಒಂದರ ಮೇಲಲ್ಲ, ಹತ್ತಾರು ಪಟ್ಟಿಗಳ ಮೇಲೆ.

ಕಾಲು ಮಡಚಿದ ಪೇಟಿ ಬಸ್ಸಿನ ಲಗೇಜಿನಲ್ಲಿ ಕೊಪ್ಪಳಕ್ಕೆ ಬರುತ್ತದೆ. ಗವಿಮಠದ ದಾರಿಯ ಓಣಿಯೊಂದರಲ್ಲಿ ಮಾಸ್ತರರ ಮನೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು, ಊರೂರಿಗೆ ನಾಟಕ ಕಲಿಸಿ, ಈಗ ಕಟ್ಟೆಯ ಮೇಲೆ ಪೇಟಿ ರಿಪೇರಿ ಮಾಡುವ ಅಜ್ಜ. ಮುಚ್ಚಳ ತೆಗೆದವರು ರೀಡಿನ ಕಡೆ ನೋಡುವುದೇ ಇಲ್ಲ. ಮನೆಗಳ ಮೇಲೆ ಅಂಗೈ ಸವರುತ್ತಾರೆ.

‘ಇಲ್ಲಿ ಮುಟ್ಟಿ ನೋಡ ತಮ್ಮಾ. ಬಿಳಿಕಿಂತ ಕರಿ ಮನಿನ ಸವದಾವು. ಕಾಳಿ ನಾಕು, ಕಾಳಿ ಐದು. ಇದು ಭಜನಿ ಪೇಟಿ ಅಲ್ಲ, ನಾಟಕದ್ದು. ಮೈಕ್ ಇಲ್ಲದ ಹೊತ್ತಿನ್ಯಾಗ ಹಿಂದ ಕುಂತಾವಗೂ ಕೇಳಬೇಕಂದ್ರ ಮ್ಯಾಲಿನ ಪಟ್ಟಿಗೇ ಹಾಡಬೇಕಿತ್ತು.’

ನೀವೂ ಮುಟ್ಟುತ್ತೀರಿ. ನಿಜ, ಕರಿ ಮನೆಗಳ ಅಂಚು ದುಂಡಗಾಗಿದೆ.

ಮೊದಲ ಕೆಲಸ ತಿದಿಯದು, ಅದು ಹೇಸಿಗೆಯದ್ದೂ ಹೌದು. ಹಳೆಯ ಅರಿವೆ, ರಟ್ಟು, ಇಲಿ ಕಡಿದ ಚರ್ಮ ಎಲ್ಲ ಹೊರಗೆ. ಆಡಿನ ತೆಳು ಚರ್ಮವನ್ನು ಅಂಚಿನಲ್ಲಿ ಇನ್ನೂ ಹೆರೆದು ಮೂಲೆಗಳಿಗೆ ಕೂರಿಸಬೇಕು; ದಪ್ಪವಾದರೆ ತಿದಿ ಮಡಚುವುದಿಲ್ಲ. ನೀವು ಫೆವಿಕಾಲ್ ಡಬ್ಬಿಗೆ ಕೈ ಹಾಕಿದರೆ ಅಜ್ಜ ಕೈ ತಡೆಯುತ್ತಾರೆ. ಚರ್ಮ ಕುದಿಸಿ ಮಾಡಿದ ಅಂಟೇ ಆಗಬೇಕು. ಅದು ಬಿಸಿಗೆ, ನೀರಿಗೆ ಬಿಡುತ್ತದೆ. ಐವತ್ತು ವರ್ಷದ ಮೇಲೆ ಇನ್ನೊಬ್ಬ ಬಿಚ್ಚಬೇಕಲ್ಲ! ಮುಂದಿನ ಹಲಗೆಯ ಸೀಳಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಟ್ಟಿಗೆ ಹುಡಿ. ಕಿನ್ನಾಳದ ಗೊಂಬೆ ಕೆಲಸದವರ ಊರು ಪಕ್ಕದಲ್ಲೇ ಇರುವಾಗ ಈ ಅಂಟಿನ ಗುಣವನ್ನು ಯಾರೂ ವಿವರಿಸಬೇಕಿಲ್ಲ.

ಅಂಟು ಆರುವವರೆಗೆ ಚಹಾ, ಮಾತು. ಇದೇ ಪೇಟಿಯನ್ನು ಆಕಾಶವಾಣಿ 1940ರ ಮಾರ್ಚಿನಲ್ಲಿ ಬಾಗಿಲಿನಿಂದಾಚೆ ಇಟ್ಟಿತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿಯ ಸೂಕ್ಷ್ಮ ಹಿಡಿಯುವುದಿಲ್ಲ, ಪರದೇಶದ್ದು ಎಂಬುದು ಆಕ್ಷೇಪ. ರವೀಂದ್ರನಾಥರಿಗೂ ಇದು ಸೇರುತ್ತಿರಲಿಲ್ಲ. ನಿಷೇಧ ಸಡಿಲಾದದ್ದು 1971ರಲ್ಲಿ. ಆ ಮೂರು ದಶಕ ಕಂಪನಿ ನಾಟಕಗಳು ಮಾತ್ರ ಪೇಟಿ ಇಲ್ಲದೆ ಪರದೆ ಎತ್ತಲಿಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆ ಅದರಲ್ಲೇ ಸೋಲೋ ನುಡಿಸಿ ದೊಡ್ಡವರಾದರು. ಮೀಂಡ್ ಬರುವುದಿಲ್ಲ ಎಂಬ ಮಾತು ಸುಳ್ಳೇನಲ್ಲ. ಆದರೆ ಬಯಲಾಟದ ಗದ್ದಲದಲ್ಲಿ ಹಾಡುವವನಿಗೆ ಬೇಕಾದದ್ದು ತಪ್ಪಿಸಿಕೊಳ್ಳದ ಒಂದು ಆಧಾರ.

ಈಗ ರೀಡು. ಎಂಬತ್ತನಾಲ್ಕನ್ನೂ ಒಂದೊಂದಾಗಿ ಬಿಚ್ಚಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಾಲಾಗಿ ಇಡುತ್ತೀರಿ, ಪ್ರತಿಯೊಂದರ ಕೆಳಗೆ ಪೆನ್ಸಿಲಿನಲ್ಲಿ ಅದರ ಮನೆಯ ಗುರುತು. ಹಸಿರು ಕಿಲುಬು ಹತ್ತಿದೆ. ಹಿತ್ತಾಳೆ ಕಂಡರೆ ನಮ್ಮ ಕೈ ಹುಣಸೆಹಣ್ಣು ಹುಡುಕುತ್ತದೆ. ಬೇಡವೇ ಬೇಡ. ಚೊಂಬಿಗೆ ಹೊಳಪು ಕೊಡುವ ಹುಳಿ ಕೂದಲೆಳೆ ತೆಳುವಿನ ನಾಲಿಗೆಯ ಲೋಹವನ್ನೇ ತಿನ್ನುತ್ತದೆ, ಸ್ವರ ಜಾರುತ್ತದೆ. ಮೆತ್ತನೆಯ ಬ್ರಶ್ಶು, ನಾಲಿಗೆಯ ಕೆಳಗೆ ತೂರಿಸಿದ ಕಾಗದದ ಪಟ್ಟಿ, ತಾಳ್ಮೆ. ದನಿಯೇ ಇಲ್ಲದ ಒಂದು ರೀಡಿನಿಂದ ಒಂದೇ ಒಂದು ಕೂದಲು ಹೊರಬರುತ್ತದೆ, ಮರುಕ್ಷಣ ಅದು ಕೂಗುತ್ತದೆ.

ಜೋಡಿಸಿ, ಪೆಡಲಿಗೆ ಹೊಸ ಪಟ್ಟಿ ಹಾಕಿ, ಮೊಬೈಲಿನ ಟ್ಯೂನರ್ ತೆರೆದು ಕೂರುತ್ತೀರಿ. ಎಲ್ಲ ಸ್ವರಗಳೂ ಇಳಿದಿವೆ, ಸುಮಾರು ಒಂದೇ ಅಳತೆಯಲ್ಲಿ. 440 ಇರಬೇಕಾದ ಕಡೆ ಮುಳ್ಳು 435ರ ಹತ್ತಿರ ಆಡುತ್ತದೆ.

‘ಹಳೇದಾಗಿ ಇಳದಾವೇನ್ರಿ ಅಜ್ಜಾರ? ಅರದಿಂದ ಏರಸೋಣೇನ್ರಿ?’

ಅರ ಅವರ ಕೈಯಲ್ಲೇ ಇದೆ. ಏರಿಸುವುದು ಕಷ್ಟದ ವಿದ್ಯೆಯಲ್ಲ: ನಾಲಿಗೆಯ ತುದಿ ಹೆರೆದರೆ ಸ್ವರ ಏರುತ್ತದೆ, ಬುಡ ಹೆರೆದರೆ ಇಳಿಯುತ್ತದೆ. ಆದರೆ ಅಜ್ಜ ಅರವನ್ನು ಕೆಳಗಿಡುತ್ತಾರೆ. ಮುಪ್ಪಿಗೆ ಇಳಿದ ರೀಡುಗಳು ಒಂದು ಹೆಚ್ಚು ಒಂದು ಕಡಿಮೆ ಇಳಿಯುತ್ತವೆ, ಎಲ್ಲ ಒಟ್ಟಿಗೆ ಇಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕಕ್ಕೆ ಇತಿಹಾಸವೂ ಸಾಕ್ಷಿ ಹೇಳುತ್ತದೆ. ಫ್ರಾನ್ಸ್ ಸರಕಾರ 1859ರಲ್ಲಿ ಕಾಯ್ದೆ ಮಾಡಿ ಗೊತ್ತುಪಡಿಸಿದ ಶ್ರುತಿಯೇ 435. ಇಂದಿನ 440ಕ್ಕಿಂತ ಅದು ಅರ್ಧಸ್ವರದ ಐದನೇ ಒಂದು ಪಾಲಿನಷ್ಟು ಕೆಳಗೆ. ಪೇಟಿ ಇಳಿದಿಲ್ಲ. ಹುಟ್ಟಿದಾಗ ಇದ್ದಲ್ಲೇ ಇದೆ, ಜಗತ್ತು ಏರಿದೆ.

ಹೆರೆದ ಹಿತ್ತಾಳೆ ಮತ್ತೆ ಅಂಟುವುದಿಲ್ಲ. ಎಂಬತ್ತನಾಲ್ಕು ನಾಲಿಗೆಗಳ ತುದಿ ಸವೆಸಿ ಮೊಬೈಲಿನ ಮುಳ್ಳನ್ನು ಮಧ್ಯಕ್ಕೆ ತರುವುದನ್ನು ಎಷ್ಟೋ ಕಡೆ ರಿಪೇರಿ ಎಂದೇ ಕರೆಯುತ್ತಾರೆ. ನನಗೆ ಅದು ಹಳೆಯ ಶಾಸನವನ್ನು ಓದಲು ಸುಲಭವಾಗಲಿ ಎಂದು ಹೊಸ ಲಿಪಿಯಲ್ಲಿ ಕೆತ್ತಿದ ಹಾಗೆ ಕಾಣುತ್ತದೆ. ಬುಡದಲ್ಲಿ ಬಿರುಕು ಬಿಟ್ಟ ಒಂದು ಖರ್ಜದ ರೀಡನ್ನು ಮಾತ್ರ ಬದಲಿಸಲೇಬೇಕು. ಅಜ್ಜ ತಮ್ಮ ಬಿಸ್ಕಿಟ್ ಡಬ್ಬಿ ಸುರುವುತ್ತಾರೆ: ಸತ್ತ ಪೇಟಿಗಳ ರೀಡುಗಳ ರಾಶಿ. ಅಳತೆಗೆ ಕೂರುವ, ತುಸು ಏರಿದ ಒಂದನ್ನು ಆರಿಸಿ ಅದರ ಬುಡ ಹೆರೆದು ಉಳಿದವುಗಳ ಮಟ್ಟಕ್ಕೆ ಇಳಿಸುತ್ತಾರೆ. ಹೊಸದಾಗಿ ಬಂದದ್ದು ಹಳೆಯದಕ್ಕೆ ಹೊಂದಿಕೊಳ್ಳಬೇಕು.

ಕುಷ್ಟಗಿ ಸೀಮೆಯ ಒಂದು ಊರು, ಗುಡಿಯ ಮುಂದೆ ರಾತ್ರಿ ತಾಲೀಮು. ಜಾತ್ರೆ ಹತ್ತಿರ ಬಂದಿದೆ, ಹುಡುಗರಿಗೆ ಇನ್ನೂ ಮಾತು ಬಾಯಿಗೆ ಬಂದಿಲ್ಲ. ಅಜ್ಜ ಪೇಟಿಯ ಮುಂದೆ ಕೂತು ಪೆಡಲ್ ತುಳಿಯುತ್ತಾರೆ. ಖರ್ಜ, ನರ ಎರಡೂ ಬಿರಡೆ ಎಳೆದು ಕಾಳಿ ನಾಲ್ಕು ಒತ್ತಿದಾಗ ಮೈಕಿನ ಹುಡುಗ ವಾಲ್ಯೂಮಿನ ಮೇಲಿಟ್ಟ ಕೈ ಹಿಂದೆಗೆಯುತ್ತಾನೆ. ಪಕ್ಕದಲ್ಲಿ ಕ್ಯಾಸಿಯೋದವನೂ ಅದೇ ಸ್ವರ ಒತ್ತುತ್ತಾನೆ. ಎರಡರ ನಡುವೆ ಗಂವ್ ಗಂವ್ ಎಂದು ದನಿ ಅಲೆಯುತ್ತದೆ, ನಿಮ್ಮ ಹಲ್ಲು ಜುಮ್ಮೆನ್ನುತ್ತದೆ.

‘ನಿಮ್ಮ ಪೇಟಿ ಸುರ ಹೋಗೇತ್ರಿ ಮಾಸ್ತರ್ರ.’

‘ನಿಂದು ಏರೇತಿ. ಇಳಿಸು.’

‘ಇದು ಇಳಿಯೂದಿಲ್ರಿ, ಕಂಪನಿ ಸೆಟ್ಟಿಂಗ್ ಐತಿ.’

ಇಳಿಯುತ್ತದೆ. ಎಲೆಕ್ಟ್ರಾನಿಕ್ ಕೀಬೋರ್ಡುಗಳಲ್ಲಿ ಟ್ಯೂನಿಂಗ್ ಎಂಬ ಸೆಟ್ಟಿಂಗ್ ಸಾಮಾನ್ಯ, ಯಾರೂ ತೆರೆದು ನೋಡಿರುವುದಿಲ್ಲ ಅಷ್ಟೆ. ನೀವು ಅವನ ಹಿಂದೆ ನಿಂತು ಗುಂಡಿ ಒತ್ತಿಸುತ್ತೀರಿ. ಪರದೆಯ ಮೇಲೆ ಅಂಕಿ ಒಂದೊಂದೇ ಮೆಟ್ಟಿಲು ಇಳಿದು 435ಕ್ಕೆ ಬಂದಾಗ ಅಲೆ ನಿಲ್ಲುತ್ತದೆ. ಹುಡುಗ ಇನ್ನೊಮ್ಮೆ ಒತ್ತಿ, ಇನ್ನೊಮ್ಮೆ ಕೇಳಿ, ಅಜ್ಜನ ಕಡೆ ನೋಡುತ್ತಾನೆ. ಅಜ್ಜ ಆಗಲೇ ನಾಂದಿ ಹಿಡಿದಿದ್ದಾರೆ.

‘ತಡೀರಿ, ತಡೀರಿ!’ ತಬಲಾದವನು ಸುತ್ತಿಗೆ ಎತ್ತುತ್ತಾನೆ. ‘ಈಗರ ಏರಿಸಿ ಮುಗಿಸಿದ್ದೆ. ನನ್ನ ಯಾರೂ ಕೇಳಂಗಿಲ್ಲೇನ್ರಿ?’ ಗೊಣಗುತ್ತಲೇ ಅವನು ತಬಲಾದ ಅಂಚಿಗೆ ಕೆಳಗಿನಿಂದ ಒಂದೊಂದೇ ಪೆಟ್ಟು ಹಾಕಿ ಇಳಿಸತೊಡಗುತ್ತಾನೆ.