ಕತ್ತೆತ್ತಿ ನೋಡಬೇಕಾದ ಕಥೆ

ಮಂಗಳೂರಿಗೆ ಹೋದವರು ಬೀಚು ಸುತ್ತಿ, ನೀರುದೋಸೆ ತಿಂದು, ಗಡ್‌ಬಡ್ ಐಸ್‌ಕ್ರೀಂ ಮುಗಿಸಿ ವಾಪಸ್ ಬಸ್ ಹತ್ತೋದು ಮಾಮೂಲು. ಅರ್ಧ ಗಂಟೆ ಬಿಡುವಿದ್ದರೆ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್‌ಗೂ ಹೋಗಿಬನ್ನಿ. ಒಳಗೆ ಗೋಡೆಯಿಂದ ಛಾವಣಿಯವರೆಗೆ ಚಿತ್ರಗಳೇ. ಫೋಟೊ ತೆಗೆಯುವಂತಿಲ್ಲ. ಹಾಗಾಗಿ ಮೊಬೈಲ್ ಜೇಬಿಗಿಟ್ಟು ಕತ್ತೆತ್ತಿ ನೋಡಿ.

ಛಾವಣಿಯಲ್ಲಿರೋದು ಅಲೋಶಿಯಸ್ ಗೊನ್ಜಾಗನ ಬದುಕು. 1568ರಲ್ಲಿ ಇಟಲಿಯ ದೊಡ್ಡ ಮನೆತನದಲ್ಲಿ ಹುಟ್ಟಿದ ಹಿರಿಮಗ. ಅಪ್ಪನ ಪಟ್ಟ, ಆಸ್ತಿ ಎಲ್ಲ ಅವನಿಗೇ ಬರಬೇಕಿತ್ತು. ಆದರೆ ಹುಡುಗನಿಗೆ ಯೇಸುಸಭೆ, ಅಂದರೆ ಜೆಸ್ವಿಟ್ ಸನ್ಯಾಸಿಗಳ ಸಂಘ ಸೇರುವ ಆಸೆ. ಅಪ್ಪ ಸುತರಾಂ ಒಪ್ಪಲಿಲ್ಲ. 'ಈ ಕೆಲಸ ಬಿಡ್ತೀನಿ' ಅಂತ ಮನೆಯಲ್ಲಿ ಹೇಳಿ ನೋಡಿದವರಿಗೆ ಆ ಜಟಾಪಟಿ ಗೊತ್ತಿರುತ್ತೆ! ಕೊನೆಗೂ 1585ರಲ್ಲಿ ತನ್ನ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು ರೋಮ್‌ಗೆ ಹೊರಟ. ಆಗ ವಯಸ್ಸು 17.

ಇಷ್ಟೇ ಆಗಿದ್ದರೆ 'ತ್ಯಾಗ' ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ಚಾಪೆಲ್‌ನ ಮುಂಭಾಗದ ಚಿತ್ರ ನೋಡಿ. ಅಲ್ಲಿ ಅವನು ಪ್ಲೇಗ್ ರೋಗಿಗಳ ಸೇವೆಯಲ್ಲಿದ್ದಾನೆ. 1591ರಲ್ಲಿ ರೋಮ್‌ಗೆ ಪಿಡುಗು ಬಡಿದಾಗ ಆರೈಕೆಗೆ ನಿಂತ. ರೋಗಿಗಳ ಹುಣ್ಣು, ವಾಸನೆ ಅವನಿಗೆ ತಡೆಯಲಾಗುತ್ತಿರಲಿಲ್ಲವಂತೆ. ಆದರೂ ಮರುದಿನ ಮತ್ತೆ ಹೋಗುತ್ತಿದ್ದ. ಸೋಂಕು ತಗುಲಿ ಅದೇ ಜೂನ್ 21ರಂದು ತೀರಿಕೊಂಡಾಗ ಅವನಿಗೆ 23.

ಆಸ್ತಿ ಬಿಡೋದು ಒಂದು ದಿನದ ನಿರ್ಧಾರ. ಹೇಸಿಗೆ ಅನ್ನಿಸಿದ ಕಡೆಗೇ ದಿನಾ ಕಾಲು ಹಾಕೋದು ಬೇರೆ ಮಾತು. ಆಧ್ಯಾತ್ಮಿಕ ಬೆಳವಣಿಗೆ ಅನ್ನೋ ದೊಡ್ಡ ಶಬ್ದಕ್ಕೆ ಆ ಚಿತ್ರ ಕೊಡುವ ಅರ್ಥ ಇದು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರು, ಯಾವ ಧರ್ಮದವರೇ ಇರಲಿ, ಇದನ್ನು ತಕ್ಷಣ ಒಪ್ಪುತ್ತಾರೆ.

ಇದನ್ನೆಲ್ಲ ಬರೆದವರು ಅಂತೋನಿಯೊ ಮೊಸ್ಕೆನಿ. ಇಟಲಿಯ ಬೆರ್ಗಮೊ ಕಡೆಯ ಕಲಾವಿದ. 35ನೇ ವಯಸ್ಸಿನಲ್ಲಿ ಯೇಸುಸಭೆ ಸೇರಿದರು. ಪಾದ್ರಿಯಾಗಿ ಅಲ್ಲ, ಬರೀ 'ಬ್ರದರ್' ಆಗಿ. 19ನೇ ಶತಮಾನದ ಕೊನೆಯಲ್ಲಿ ಮಂಗಳೂರಿಗೆ ಬಂದು, ಇಲ್ಲಿನ ಸೆಕೆಯಲ್ಲಿ ಕುಂಚ ಹಿಡಿದರು. 1905ರಲ್ಲಿ, 51ನೇ ವಯಸ್ಸಿಗೆ ನಮ್ಮ ದೇಶದಲ್ಲೇ ಕಣ್ಮುಚ್ಚಿದರು.

ಹೊರಡುವಾಗ ಹಿಂದಿನ ಗೋಡೆಯನ್ನು ತಪ್ಪಿಸಬೇಡಿ. ಅಲ್ಲಿ ಯೇಸು ಮಕ್ಕಳ ಗೆಳೆಯನಾಗಿ ಕಾಣುತ್ತಾನೆ. ಪಟ್ಟ, ಪದವಿ ಯಾವುದೂ ಇಲ್ಲದ ಆ ಚಿತ್ರದ ಎದುರು ಎರಡು ನಿಮಿಷ ಸುಮ್ಮನೆ ಕೂತು ಬನ್ನಿ.