ಪ್ರೀತಿಯ ಪ್ರತಿನಿಧಿಗಳೇ

ಬೆಂಗಳೂರಿನ ಶಾಲೆ, ಪಿಯು ಕಾಲೇಜುಗಳಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ‘ಮನ್’ಗಳ ಸರದಿ ಶುರುವಾಗುತ್ತದೆ. ಮಾಡೆಲ್ ಯುನೈಟೆಡ್ ನೇಷನ್ಸ್, ಅಂದರೆ ಅಣಕು ವಿಶ್ವಸಂಸ್ಥೆ. ಮಕ್ಕಳ ಬಾಯಲ್ಲಿ ಬರೀ ಮನ್. ಒಬ್ಬೊಬ್ಬರಿಗೆ ಒಂದೊಂದು ದೇಶ ಹಂಚಿರುತ್ತಾರೆ. ಎರಡು ಮೂರು ದಿನ ಆ ದೇಶದ ಪರವಾಗಿ ಮಾತಾಡಬೇಕು, ಬೇರೆ ದೇಶಗಳನ್ನು ಜೊತೆಗೆ ಸೇರಿಸಿಕೊಂಡು ಠರಾವು ಬರೆಯಬೇಕು, ಮತ ಹಾಕಬೇಕು. ಇದೆಲ್ಲದರಲ್ಲಿ ನನಗೆ ಬಹಳ ಇಷ್ಟವಾದದ್ದು ಸಭೆ ಕೂಡುವ ಮುಂಚೆಯೇ ಬರುವ ಒಂದು ಪತ್ರ.

ಚರ್ಚೆಯ ವಿಷಯ ವಿವರಿಸುವ ಬ್ಯಾಕ್‌ಗ್ರೌಂಡ್ ಗೈಡ್ ಇರುತ್ತದಲ್ಲ, ಅದರ ಮೊದಲ ಪುಟದಲ್ಲಿ ಸಮಿತಿಯ ಅಧ್ಯಕ್ಷರ ಸ್ವಾಗತ ಇರುತ್ತದೆ. ಅಧ್ಯಕ್ಷರೆಂದರೆ ದ್ವಿತೀಯ ಪಿಯುಸಿಯ ಹುಡುಗಿ, ಇಲ್ಲವೇ ಈಗಷ್ಟೇ ಡಿಗ್ರಿಗೆ ಸೇರಿದ ಹುಡುಗ. ‘ಪ್ರೀತಿಯ ಪ್ರತಿನಿಧಿಗಳೇ’ ಎಂದು ಶುರುಮಾಡಿ, ತಾನು ಏನು ಓದುತ್ತೇನೆ, ಯಾವ ಆಟ ಇಷ್ಟ ಎಂದೆಲ್ಲ ಹೇಳಿಕೊಂಡು, ಆಮೇಲೆ ನಿರಾಶ್ರಿತರ ಸಮಸ್ಯೆಗೋ ಸಮುದ್ರ ಮಟ್ಟದ ಏರಿಕೆಗೋ ಬರುತ್ತಾರೆ. ಕೊನೆಯಲ್ಲಿ ಒಂದು ಸಾಲು: ಇದು ನಿಮ್ಮ ಮೊದಲ ಸಮ್ಮೇಳನವಾದರೆ ಹೆದರಬೇಡಿ, ಏನೇ ಸಂದೇಹವಿದ್ದರೂ ನಮಗೆ ಬರೆಯಿರಿ. ಹಿಂದೊಮ್ಮೆ ಕೊನೇ ಬೆಂಚಿನಲ್ಲಿ ನಡುಗುತ್ತ ಕೂತಿದ್ದವರಿಗೆ ಮಾತ್ರ ಹೊಳೆಯುವ ಸಾಲು ಅದು. ಇಡೀ ಗೈಡಿನಲ್ಲಿ ಅದಕ್ಕಿಂತ ಬೆಲೆಬಾಳುವ ಸಾಲು ಇನ್ನೊಂದಿಲ್ಲ.

ನಡುಗುವುದಕ್ಕೆ ಕಾರಣಗಳೂ ಇವೆ. ಹಾಜರಿ ಕೂಗಿದಾಗ ಬರೀ ‘ಪ್ರೆಸೆಂಟ್’ ಎನ್ನಬಹುದು. ‘ಪ್ರೆಸೆಂಟ್ ಅಂಡ್ ವೋಟಿಂಗ್’ ಎಂದುಬಿಟ್ಟರೆ ಮುಗಿಯಿತು, ಠರಾವಿಗೆ ಪರ ಅಥವಾ ವಿರೋಧ ಮತ ಹಾಕಲೇಬೇಕು, ತಟಸ್ಥರಾಗಿ ಉಳಿಯುವಂತಿಲ್ಲ. ‘ನಾನು’ ಅನ್ನುವಂತಿಲ್ಲ, ‘ಪೆರುವಿನ ಪ್ರತಿನಿಧಿ’ ಎಂದೇ ಹೇಳಬೇಕು. ಮಾತಿಗೆ ಅವಕಾಶ ಬೇಕಾದರೆ ದೇಶದ ಹೆಸರಿನ ಪ್ಲಕಾರ್ಡ್ ಎತ್ತಬೇಕು. ಪಕ್ಕದವರಿಗೆ ಏನಾದರೂ ತಿಳಿಸಬೇಕೆಂದರೆ ಚೀಟಿ ಬರೆಯಬೇಕು. ಮೇಲೆ ‘ವಯಾ ಇಬಿ’, ಅಂದರೆ ಎಕ್ಸಿಕ್ಯೂಟಿವ್ ಬೋರ್ಡಿನ ಮೂಲಕ, ಎಂದು ಬರೆದ ಚೀಟಿ ಅಧ್ಯಕ್ಷರ ಮೇಜಿನ ಮೇಲೆ ಹಾದು ಹೋಗುತ್ತದೆ. ಎದ್ದು ನಿಂತು ಮಾತಾಡಲಾರದ ಮಗು ತನಗೆ ಗೊತ್ತಿದ್ದುದನ್ನೆಲ್ಲ ಆ ಚೀಟಿಯಲ್ಲಿ ಬರೆಯುತ್ತದೆ. ಒಳ್ಳೆಯ ಅಧ್ಯಕ್ಷರು ಅದನ್ನು ಓದಿ ಪಕ್ಕಕ್ಕಿಡುವುದಿಲ್ಲ. ‘ಇದನ್ನೇ ಎದ್ದು ಹೇಳಿ, ಮುಂದಿನ ಸರದಿ ನಿಮ್ಮದು’ ಎಂದು ಬರೆದು ವಾಪಸ್ ಕಳಿಸುತ್ತಾರೆ. ನಮೀಬಿಯಾದ ಪ್ಲಕಾರ್ಡನ್ನು ಎದೆಯ ಮಟ್ಟಕ್ಕಷ್ಟೇ ಎತ್ತಿ ಇಳಿಸುತ್ತಿದ್ದ ಹುಡುಗನೊಬ್ಬ ಅಂಥ ಚೀಟಿ ಬಂದ ಮೇಲೆ ಎದ್ದು ನಿಂತು, ಕುಡಿಯುವ ನೀರಿನ ಬಗ್ಗೆ ಮಾತಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಮೇಜಿನ ಹಿಂದೆ ಕೂತವರಿಗೆ ದೇಶವಿಲ್ಲ, ಮತವೂ ಇಲ್ಲ. ಚೆನ್ನಾಗಿ ವಾದ ಮಾಡಿ ಹೆಸರು ಮಾಡಿದವರೇ ಆ ಜಾಗಕ್ಕೆ ಬರುತ್ತಾರೆ, ಬಂದ ಮೇಲೆ ವಾದವನ್ನೇ ಬಿಡಬೇಕು. ಹದಿನೇಳರ ವಯಸ್ಸಿನಲ್ಲಿ ಅದು ಸಣ್ಣ ತ್ಯಾಗವಲ್ಲ.

ನಿಜವಾದ ವಿಶ್ವಸಂಸ್ಥೆಯಲ್ಲಿ ಅಂಥ ಕುರ್ಚಿಯಲ್ಲಿ ಕೂತ ನಮ್ಮವರನ್ನು ನೆನೆಯಬೇಕು. ಮೈಸೂರಿನ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು 1946ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊಟ್ಟಮೊದಲ ಅಧ್ಯಕ್ಷರಾದರು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರ ಪಾಲಿಗೆ ಬಂದದ್ದು ಇನ್ನೂ ಕಠಿಣವಾದ ತಿಂಗಳು. ಭದ್ರತಾ ಮಂಡಳಿಯ ಅಧ್ಯಕ್ಷತೆ ತಿಂಗಳಿಗೊಂದು ದೇಶದಂತೆ ತಿರುಗುತ್ತದೆ. 1950ರ ಜೂನ್‌ನಲ್ಲಿ ಅದು ಭಾರತದ ಸರದಿ, ಆ ಜೂನ್ 25ರಂದೇ ಕೊರಿಯಾದ ಯುದ್ಧ ಶುರುವಾಯಿತು. ಸೋವಿಯತ್ ಒಕ್ಕೂಟ ಬಹಿಷ್ಕಾರ ಹಾಕಿ ಹೊರಗುಳಿದಿತ್ತು. ದಕ್ಷಿಣ ಕೊರಿಯಾಕ್ಕೆ ನೆರವು ಕೊಡಿರೆಂದು ಸದಸ್ಯ ರಾಷ್ಟ್ರಗಳಿಗೆ ಹೇಳುವ ಠರಾವು 27ರಂದು ಮತಕ್ಕೆ ಬಂದಾಗ ರಾಯರಿಗೆ ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಭಾರತ ಆ ಮತದಾನದಲ್ಲಿ ಭಾಗವಹಿಸಲಿಲ್ಲ. ಸಭೆಯನ್ನು ನಡೆಸಿದವರು ಮಾತ್ರ ರಾಯರೇ. ಮನ್‌ನಲ್ಲಿ ಅಧ್ಯಕ್ಷರಾಗುವ ಪ್ರತಿ ಮಗುವಿಗೂ ಈ ಪ್ರಸಂಗವನ್ನು ಹೇಳಬೇಕೆಂದು ನನಗೆ ಆಸೆ. ತನ್ನ ಮತ ಎಣಿಕೆಗೆ ಬರದಿದ್ದರೂ ಸಭೆಯ ಕಾರ್ಯ ನಿಲ್ಲಬಾರದು ಎಂಬ ಹೊಣೆ ಎಷ್ಟು ಭಾರದ್ದೆಂದು ಅದರಿಂದ ತಿಳಿಯುತ್ತದೆ.

ಒಂದು ವಿಷಯ ಮಾತ್ರ ನನ್ನನ್ನು ಬಾಧಿಸುತ್ತದೆ. ‘ಬೆಸ್ಟ್ ಡೆಲಿಗೇಟ್’ ಬಹುಮಾನದ ಹಂಬಲ ಹೆಚ್ಚಾದ ಕಡೆ ಇಂಗ್ಲಿಷ್ ಸರಾಗವಾಗಿ ಬರುವವರೇ ಮೈಕು ಹಿಡಿಯುತ್ತಾರೆ. ಹಾವೇರಿಯ, ಯಾದಗಿರಿಯ ಸರ್ಕಾರಿ ಪಿಯು ಕಾಲೇಜಿನ ಮಕ್ಕಳಿಗೆ ಇಂಥದ್ದೊಂದು ಆಟವಿದೆಯೆಂಬುದೇ ಗೊತ್ತಿಲ್ಲ. ಬರ ಎಂದರೇನು, ಗುಳೆ ಎಂದರೇನು ಎಂಬುದು ಅವರಿಗೆ ಗೈಡ್ ಓದದೆಯೇ ಗೊತ್ತು. ಆಹಾರ ಭದ್ರತೆಯ ಸಮಿತಿಯಲ್ಲಿ ಅವರಿಲ್ಲದಿರುವುದು ಸಮಿತಿಗೇ ನಷ್ಟ.

ವಿಶ್ವಸಂಸ್ಥೆಗೆ ಅಧಿಕೃತ ಭಾಷೆಗಳು ಆರು. ಆದರೂ ಸಾಮಾನ್ಯ ಸಭೆಯ ನಿಯಮಾವಳಿಯ ಪ್ರಕಾರ ಯಾವ ಪ್ರತಿನಿಧಿ ಬೇಕಾದರೂ ಬೇರೆ ಭಾಷೆಯಲ್ಲಿ ಮಾತಾಡಬಹುದು, ಅನುವಾದದ ವ್ಯವಸ್ಥೆಯನ್ನು ಅವರೇ ಮಾಡಿಕೊಂಡರೆ ಸಾಕು. 1977ರಲ್ಲಿ ವಿದೇಶಾಂಗ ಸಚಿವರಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅಲ್ಲಿ ಹಿಂದಿಯಲ್ಲಿ ಮಾತಾಡಿದ್ದರು. ನ್ಯೂಯಾರ್ಕ್‌ನ ಸಭೆಯಲ್ಲಿ ಕನ್ನಡಕ್ಕೆ ಬಾಗಿಲು ಮುಚ್ಚಿಲ್ಲದಿರುವಾಗ ನಮ್ಮೂರ ಶಾಲೆಯ ಸಭಾಂಗಣದಲ್ಲಿ ಮುಚ್ಚಬೇಕಾದ್ದೇನಿದೆ?

ಅಧ್ಯಕ್ಷರಾಗಲಿರುವ ಹುಡುಗ ಹುಡುಗಿಯರೇ, ಮುಂದಿನ ಸಲ ನಿಮ್ಮ ಸಮ್ಮೇಳನದಲ್ಲಿ ಒಂದು ಸಮಿತಿಯನ್ನಾದರೂ ಪೂರ್ತಿ ಕನ್ನಡದಲ್ಲಿ ನಡೆಸಿ. ಅದರ ಗೈಡನ್ನೂ ಕನ್ನಡದಲ್ಲೇ ಬರೆಯಿರಿ, ಹತ್ತಿರದ ಸರ್ಕಾರಿ ಕಾಲೇಜುಗಳಿಗೆ ನೀವೇ ಹೋಗಿ ಕೊಟ್ಟು ಬನ್ನಿ, ಆ ಮಕ್ಕಳಿಂದ ಶುಲ್ಕ ತೆಗೆದುಕೊಳ್ಳಬೇಡಿ.